ಕೊಡಗಿನ ಮಳೆ ತಡೆಯುವ ಅಡುಗೆಮನೆ: ಕೆಲಸವನ್ನು ಯಾರಿಗೆ ಒಪ್ಪಿಸಬೇಕು?

ಮಡಿಕೇರಿ ಸಮೀಪದ ಹಳೆಯ ಮನೆಗೆ ಹೊಸ ಅಡುಗೆಮನೆ ಮಾಡಿಸಲು ಹೊರಟಿರುವ ತಾವು, ಮಳೆಗೆ ಮುನ್ನ ಹದಿನೈದೇ ದಿನಗಳಲ್ಲಿ ಮುಗಿಸಿಕೊಡುತ್ತೇವೆನ್ನುವ ಮೈಸೂರಿನ ಮಾಡ್ಯುಲರ್ ಕಿಚನ್ ಕಂಪನಿಗೆ ಕೆಲಸ ಕೊಡುವುದೋ, ಎರಡು ತಿಂಗಳ ಕಾಲಾವಕಾಶ ಕೇಳುತ್ತಿರುವ ಊರಿನ ಬಡಗಿಗೆ ಕೊಡುವುದೋ ಎಂದು ಕೇಳಿದ್ದೀರಿ. ಇಬ್ಬರಲ್ಲಿ ಯಾರೇ ಆಗಲಿ, ಅವರ ಕೈಯಿಂದಾದ ಒಂದು ಅಡುಗೆಮನೆ ಕೊಡಗಿನಲ್ಲಿ ಕನಿಷ್ಠ ಎರಡು ಮಳೆಗಾಲ ಕಳೆದಿದೆಯೇ ಎಂಬುದನ್ನು ಮೊದಲು ವಿಚಾರಿಸಿ, ಆ ಮನೆಗೆ ಖುದ್ದಾಗಿ ಹೋಗಿ ನೋಡಿ ಬನ್ನಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ವಿರಾಜಪೇಟೆ ಕಡೆಯ ನಮ್ಮ ಮನೆಗೆ ಮೊದಲ ಸಲ ಮೇ ತಿಂಗಳಿನಲ್ಲಿ, ಅವಸರದಿಂದ, ಹೊರಜಿಲ್ಲೆಯ ಗುತ್ತಿಗೆದಾರರೊಬ್ಬರಿಂದ ಕೆಲಸ ಮಾಡಿಸಿದೆವು. ಆಗಸ್ಟ್ ಬರುವಷ್ಟರಲ್ಲಿ ಸಿಂಕಿನ ಕೆಳಗಿನ ಬಾಗಿಲು ಮುಚ್ಚಲಾಗದಷ್ಟು ಉಬ್ಬಿತ್ತು. ಲ್ಯಾಮಿನೇಟ್ ಕಿತ್ತುಬಂದ ಅಂಚನ್ನು ಬೆರಳಿನಿಂದ ಒತ್ತಿದರೆ ಒಳಗಿನ ಹಲಗೆ ನೆನೆದ ರಸ್ಕಿನಂತೆ ಉದುರುತ್ತಿತ್ತು. ಮರದ ಪುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಅದು. ಕೊಟೇಶನ್ನಿನಲ್ಲಿ ‘ವಾಟರ್‌ಪ್ರೂಫ್ ಬೋರ್ಡ್’ ಎಂದಷ್ಟೇ ಬರೆದಿತ್ತು, ಹಾಗೆಂದರೇನೆಂದು ನಾವು ಬಿಡಿಸಿ ಕೇಳಿರಲಿಲ್ಲ.

ಆದ್ದರಿಂದ ಹಲಗೆಯ ದರ್ಜೆಯನ್ನು ಹೆಸರು ಹಿಡಿದು ಬರೆಸಿಕೊಳ್ಳಿ. ಎಂಆರ್ (ಮಾಯಿಶ್ಚರ್ ರೆಸಿಸ್ಟೆಂಟ್) ದರ್ಜೆಯ ಪ್ಲೈವುಡ್ ಗಾಳಿಯ ತೇವವನ್ನು ಒಂದಿಷ್ಟು ತಾಳಿಕೊಳ್ಳುತ್ತದೆಯೇ ಹೊರತು ನಿಂತ ನೀರನ್ನಲ್ಲ. ಕೆಳಗಿನ ಕಪಾಟುಗಳಿಗೆ, ಅದರಲ್ಲಿಯೂ ಸಿಂಕಿನ ಭಾಗಕ್ಕೆ, ಭಾರತೀಯ ಮಾನಕ ಐಎಸ್ 710 ಗುರುತಿರುವ, ನೀರು ತಾಳುವ ಮರೈನ್ ಪ್ಲೈವುಡ್ ಬೇಕು. ಲ್ಯಾಮಿನೇಟ್ ಅಂಟಿಸಿದ ಮೇಲೆ ಆ ಗುರುತು ಕಾಣುವುದಿಲ್ಲವಾದ್ದರಿಂದ, ಹಲಗೆ ಬಂದಿಳಿದ ದಿನವೇ ಮುದ್ರೆ ತೋರಿಸಲು ಒಪ್ಪುತ್ತಾರೆಯೇ ಎಂದು ಮೊದಲೇ ಕೇಳಿ. ಇದಕ್ಕೆ ಹಿಂದೆಮುಂದೆ ನೋಡುವವರಿಗೆ ನಾನಂತೂ ಮುಂಗಡ ಕೊಡುವುದಿಲ್ಲ.

ಹಳೆಯ ಕೆಲಸ ನೋಡಲು ಹೋದಾಗ ಸಿಂಕಿನ ಕೆಳಗಿನ ಬಾಗಿಲನ್ನು ತೆರೆದು ಮುಗ್ಗಲು ವಾಸನೆ ಬರುತ್ತದೆಯೇ ನೋಡಿ. ಪೈಪು ಹಾಯಲು ಕೊರೆದ ರಂಧ್ರದ ಅಂಚಿಗೆ ಸೀಲಂಟ್ ಬಳಿದಿದ್ದಾರೆಯೇ, ಹಿಂಜ್‌ಗಳಿಗೆ ತುಕ್ಕು ಹಿಡಿದಿದೆಯೇ, ಗೋಡೆಯ ಕಡೆಯ ಹಲಗೆಯಲ್ಲಿ ಬೂಷ್ಟು ಇದೆಯೇ ಎಂದು ಟಾರ್ಚ್ ಹಿಡಿದು ಪರೀಕ್ಷಿಸಿ. ದೂರು ಕೊಟ್ಟ ಮೇಲೆ ಎಷ್ಟು ದಿನಕ್ಕೆ ಬಂದು ಸರಿಪಡಿಸಿದರೆಂದು ಆ ಮನೆಯವರನ್ನು ಕೇಳಿದರೆ, ಯಾವ ವಾರಂಟಿ ಕಾಗದವೂ ಹೇಳದ ಸಂಗತಿ ತಿಳಿಯುತ್ತದೆ.

ಎರಡನೆಯ ಸಲ ನಾವು ಆರಿಸಿದ ಬಡಗಿ, ಬಂದ ದಿನ ಟೇಪು ಬಿಚ್ಚುವ ಮೊದಲು ಅಡುಗೆ ಮಾಡುವವರು ಯಾರೆಂದು ಕೇಳಿದರು. ನಮ್ಮ ತಾಯಿಯನ್ನು ಒಲೆಯ ಮುಂದೆ ನಿಲ್ಲಿಸಿ, ನೆಲದಿಂದ ಮೊಣಕೈಯವರೆಗೆ ಅಳೆದು, ಅದಕ್ಕಿಂತ ಐದು ಅಂಗುಲ ತಗ್ಗಿಸಿ, ಮಾಮೂಲಿ 34 ಅಂಗುಲದ ಬದಲು 32 ಅಂಗುಲಕ್ಕೆ ಕಟ್ಟೆಯ ಎತ್ತರವನ್ನು ಗುರುತು ಹಾಕಿದರು. ನೂಪುಟ್ಟು, ಅಂದರೆ ಅಕ್ಕಿ ಶಾವಿಗೆ, ಎಲ್ಲಿ ಒತ್ತುತ್ತೀರಿ ಎಂದೂ ವಿಚಾರಿಸಿ, ಆ ಭಾರ ತಡೆಯುವಂತೆ ಅಲ್ಲಿ ಸ್ಲ್ಯಾಬಿನ ಕೆಳಗೆ ಇನ್ನೊಂದು ಆಸರೆ ಕೊಟ್ಟರು. ಕೊಡಗಿನ ಅಡುಗೆಯ ಹುಳಿರಸವಾದ ಕಚಂಪುಳಿಯ ಹನಿ ಬಿದ್ದರೆ ಅಮೃತಶಿಲೆಯ ಹೊಳಪು ಹೋಗುತ್ತದೆ, ಗ್ರಾನೈಟ್ ಹಾಕಿಸಿ ಎಂದದ್ದೂ ಅವರೇ. ಇಂತಹ ಪ್ರಶ್ನೆಗಳನ್ನು ಕೇಳುವವರು ಸಿಕ್ಕಿದರೆ ದರ ಸ್ವಲ್ಪ ಹೆಚ್ಚಾದರೂ ಬಿಡಬೇಡಿ.

ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ನೆಲಮಟ್ಟದಲ್ಲಿ ನಿಲ್ಲುತ್ತದೆ. ಸಿಲಿಂಡರನ್ನು ಮುಚ್ಚಿದ ಕಪಾಟಿನೊಳಗಿಟ್ಟು ತಳದಲ್ಲಿ ಗಾಳಿಕಿಂಡಿ ಬಿಡದ ನಕ್ಷೆಯನ್ನು ಯಾರು ತಂದರೂ ಒಪ್ಪಬೇಡಿ. ಓವನ್, ಇಂಡಕ್ಷನ್‌ಗಳಿಗೆ 16 ಆಂಪಿಯರ್ ಪಾಯಿಂಟನ್ನೂ ಅರ್ಥಿಂಗನ್ನೂ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಿ.

ಹಣವನ್ನು ಕೆಲಸದ ಹಂತಕ್ಕೆ ತಕ್ಕಂತೆ ಕೊಡುವುದಾಗಿ ಒಪ್ಪಂದದಲ್ಲಿ ಬರೆಸಿ, ಕೊನೆಯ ಹತ್ತನೇ ಒಂದು ಭಾಗವನ್ನು ಕೆಲಸ ಮುಗಿದು ಒಂದು ತಿಂಗಳ ಬಳಕೆಯ ನಂತರ ಕೊಡಿ.

ಇನ್ನು ಹದಿನೈದು ದಿನಗಳ ಭರವಸೆಯ ವಿಚಾರ. ಹಳೆಯ ಗೋಡೆಗೆ ಹೊಸ ಗಾರೆ ಮೆತ್ತಿ, ಅದು ಒಣಗುವ ಮೊದಲೇ ಕಪಾಟು ಕೂರಿಸಿದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ತೇವ ಹಲಗೆಯ ಬೆನ್ನಿಗೇ ಅಂಟಿಕೊಂಡಿರುತ್ತದೆ. ಈ ವರ್ಷ ಹಳೆಯ ಅಡುಗೆಮನೆಯಲ್ಲಿಯೇ ಮಳೆಗಾಲ ಕಳೆಯಿರಿ. ಇಬ್ಬರೂ ಮಾಡಿದ ಕೆಲಸಗಳನ್ನು ಆಗಸ್ಟ್‌ನಲ್ಲಿ, ಮಳೆ ಸುರಿಯುತ್ತಿರುವಾಗಲೇ ಹೋಗಿ ನೋಡಿ. ಯಾರಿಗೆ ಕೊಡಬೇಕೆಂಬುದು ಆಗ ತಮಗೇ ಸ್ಪಷ್ಟವಾಗುತ್ತದೆ. ನವೆಂಬರ್-ಡಿಸೆಂಬರ್‌ನ ಸುಗ್ಗಿ ಹಬ್ಬ ಹುತ್ತರಿ ಕಳೆದು ಗೋಡೆಗಳು ಒಣಗಿದ ಮೇಲೆ ಕೆಲಸ ಆರಂಭಿಸಲು ಹೇಳಿ.