ಕೆಜಿ ಲೆಕ್ಕದ ಹಳೆ ನಾಣ್ಯ: ಕೊಳ್ಳೋ ಮುಂಚೆ ಉರ್ದು ಅಂಕಿ ಕಲಿ

ತಮ್ಮಾ, ಶಹಾಬಾದಿನ ಗುಜರಿ ಅಂಗಡಿಯವರು ಎರಡು ಕೆಜಿ ಹಳೆ ನಾಣ್ಯಕ್ಕೆ ಆರು ಸಾವಿರ ಕೇಳ್ತಿದ್ದಾರೆ, ತಗೊಳ್ಳಲಾ ಬೇಡವಾ ಅಂತ ಕೇಳಿದ್ದೀಯ. ಸಂಗ್ರಹ ಈಗಷ್ಟೇ ಶುರು ಮಾಡಿದ್ದೀನಿ ಅಂತಲೂ ಬರೆದಿದ್ದೀಯ. ನನ್ನ ಮಾತು ಇಷ್ಟೇ: ಇಡೀ ಗಂಟು ತಗೋಬೇಡ, ಈಗಲೇ ತಗೋಬೇಡ. ಮೊದಲು ಉರ್ದು ಅಂಕಿ ಕಲಿತು ಹೋಗು. ಯಾಕೆ ಅಂತ ಹೇಳ್ತೀನಿ.

ಮೊದಲು ಲೆಕ್ಕ. ಬ್ರಿಟಿಷರ ಕಾಲದ ಕಂಚಿನ ಕಾಲಾಣೆ ಒಂದೊಂದು ಹೆಚ್ಚು ಕಡಿಮೆ 5 ಗ್ರಾಂ ತೂಗುತ್ತೆ. ಎಲ್ಲಾ ಅವೇ ಇದ್ದರೆ ಎರಡು ಕೆಜಿಗೆ ಸುಮಾರು 400 ನಾಣ್ಯ, ಒಂದಕ್ಕೆ 15 ರೂಪಾಯಿ ಬಿತ್ತು. ಆದರೆ ಇಂಥ ಗಂಟಿನಲ್ಲಿ ಅರ್ಧಕ್ಕೂ ಜಾಸ್ತಿ ಅಲ್ಯೂಮಿನಿಯಂ ಐದು ಪೈಸೆ, ಹತ್ತು ಪೈಸೆ, ಸ್ಟೀಲಿನ ಚಾರಾಣೆ ಇರುತ್ತವೆ. ಅವು ಎಲ್ಲರ ಮನೆ ಡಬ್ಬಿಯಲ್ಲೂ ಸಿಗುತ್ತವೆ. ಹಾಗಾಗಿ ಒಂದು ಹಿಡಿ ತೆಗೆದು ಹಾಸಿ, ಜಾತಿವಾರು ಎಣಿಸು. ಅದರ ಮೇಲೆ ಬೆಲೆ ಮಾತಾಡು, ತಕ್ಕಡಿ ಮೇಲಲ್ಲ.

ಬೆಳ್ಳಿಯ ಆಸೆ ಇಟ್ಕೋಬೇಡ. ಗಂಟು ನಿನ್ನ ಕೈಗೆ ಬರೋ ಮುಂಚೆಯೇ ಬೆಳ್ಳಿ ರೂಪಾಯಿಗಳು ಸರಾಫರ ಅಂಗಡಿ ಸೇರಿರುತ್ತವೆ. ಮೇಲ್ಗಡೆ ಒಂದು ಕಾಣಿಸಿತು ಅಂದರೆ ಇನ್ನೂ ಹುಷಾರಾಗಿರು. 1940ಕ್ಕಿಂತ ಮುಂಚಿನ ಬ್ರಿಟಿಷ್ ರೂಪಾಯಿ, ನಮ್ಮ ಹಿರಿಯರು ಕಲ್ದಾರ ಅಂತಿದ್ದರಲ್ಲ ಅದು, 11.66 ಗ್ರಾಂ ತೂಗಬೇಕು, ನೂರಕ್ಕೆ 91.7 ಭಾಗ ಬೆಳ್ಳಿ. 1940ರಿಂದ 45ರವರೆಗೆ ಬೆಳ್ಳಿ ಅರ್ಧಕ್ಕೆ ಇಳಿಯಿತು. 1946 ಮತ್ತು 47ರದ್ದು ಬರೀ ನಿಕ್ಕಲ್, ಅಯಸ್ಕಾಂತಕ್ಕೆ ಹಿಡಿಯುತ್ತೆ. ಹಾಗಂತ ಅಯಸ್ಕಾಂತಕ್ಕೆ ಹಿಡಿಯದ್ದೆಲ್ಲಾ ಬೆಳ್ಳಿ ಅಂದ್ಕೋಬೇಡ. ಸಣ್ಣದೊಂದು ಡಿಜಿಟಲ್ ತಕ್ಕಡಿ ಜೇಬಿನಲ್ಲಿರಲಿ. ಅಂಚಿನ ಸುತ್ತ ಎರಕದ ಗೆರೆ, ಮುಖದ ಮೇಲೆ ಸೂಜಿ ಚುಚ್ಚಿದಂಥ ತೂತು ಕಂಡರೆ ಖೋಟಾ ಅಂದ್ಕೊಂಡು ವಾಪಸ್ ಕೊಟ್ಟುಬಿಡು.

ಈಗ ಉರ್ದು ಅಂಕಿ ವಿಷಯಕ್ಕೆ ಬರ್ತೀನಿ. ನಮ್ಮ ಕಲಬುರಗಿ, ಬೀದರ್, ಯಾದಗಿರಿ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು. ಅಲ್ಲಿ ಬೇರೆಯದೇ ನಾಣ್ಯ ಓಡುತ್ತಿತ್ತು, ಹಾಲಿ ಸಿಕ್ಕಾ. ಇಲ್ಲಿಯ ಹಳೆ ಪೆಟ್ಟಿಗೆಗಳಿಂದ ಬಂದ ಗಂಟಿನಲ್ಲಿ ಆ ತಾಮ್ರದ ಪೈ, ಆಣೆಗಳು ಇದ್ದೇ ಇರುತ್ತವೆ. ಓದೋಕೆ ಬರದವರು ಅವನ್ನೆಲ್ಲಾ ಒಂದೇ ರಾಶಿಗೆ ಸುರೀತಾರೆ. ನಿನಗೆ ಓದೋಕೆ ಬಂದರೆ ಆಯ್ದುಕೊಳ್ಳಬಹುದು. ಕಷ್ಟ ಏನಿಲ್ಲ. ಒಂದು ಅಂದರೆ ನೆಟ್ಟನೆ ಗೆರೆ. ಸೊನ್ನೆ ಅಂದರೆ ಬರೀ ಚುಕ್ಕೆ. ಏಳು ಅಂದರೆ ಮೇಲಕ್ಕೆ ಬಾಯಿ ತೆರೆದ ಕವಲು, ಎಂಟು ಅಂದರೆ ಅದೇ ಕವಲು ತಲೆಕೆಳಗಾಗಿ. ಎರಡಕ್ಕಿಂತ ಮೂರಕ್ಕೆ ಒಂದು ಹಲ್ಲು ಜಾಸ್ತಿ. ಅಕ್ಷರ ಬಲದಿಂದ ಎಡಕ್ಕೆ ಹೋದರೂ ಅಂಕಿಯನ್ನು ನಮ್ಮ ಹಾಗೆ ಎಡದಿಂದಲೇ ಓದಬೇಕು. ಬರೋ ಸಂಖ್ಯೆ ಹಿಜ್ರಿ, ಅಂದರೆ ಮುಸ್ಲಿಂ ಪಂಚಾಂಗದ ವರ್ಷ. ಅದನ್ನು 0.97ರಿಂದ ಗುಣಿಸಿ 622 ಕೂಡಿಸು. 1337 ಅಂತಿದ್ದರೆ 1918–19 ಆಯ್ತು.

ಚಾರ್‌ಮಿನಾರ್ ಇರೋ ಬೆಳ್ಳಿ ನಾಣ್ಯ ಸಿಕ್ಕರೆ ನಡುವಿನ ಬಾಗಿಲೊಳಗೆ ಭೂತಗನ್ನಡಿ ಹಿಡಿದು ನೋಡು. ಅಲ್ಲೊಂದು ಸಣ್ಣ ಅಕ್ಷರ ಇರುತ್ತೆ. ಮುಚ್ಚಿದ ಉಂಗುರಕ್ಕೆ ಬಾಲ ಇದ್ದರೆ ಅದು ಮೀಮ್, ಉರ್ದುವಿನ 'ಮ', ನಿಜಾಮ ಮೆಹಬೂಬ್ ಅಲಿ ಖಾನರ ಕಾಲದ್ದು. ಬಾಯಿ ತೆರೆದ ಅಕ್ಷರ ಆದರೆ ಐನ್, ಉರ್ದುವಿನಲ್ಲಿ ಉಸ್ಮಾನ್ ಹೆಸರಿನ ಮೊದಲ ಅಕ್ಷರ, 1911ರಲ್ಲಿ ಪಟ್ಟಕ್ಕೆ ಬಂದ ಉಸ್ಮಾನ್ ಅಲಿ ಖಾನರದ್ದು. ಅಷ್ಟು ಚಿಕ್ಕ ಜಾಗದಲ್ಲಿ ರಾಜನ ಹೆಸರಿನ ಗುರುತು ಇಟ್ಟಿದ್ದಾರೆ ನೋಡು, ನನಗಂತೂ ಎಷ್ಟು ಸಲ ನೋಡಿದರೂ ಸಾಕಾಗಲ್ಲ. ಹಾಲಿ ರೂಪಾಯಿ 11.18 ಗ್ರಾಂ, ಕಲ್ದಾರಕ್ಕಿಂತ ಸ್ವಲ್ಪ ಹಗುರ, ಬೆಳ್ಳಿಯೂ ಕಡಿಮೆ. ತೂಕ ಕಡಿಮೆ ಬಂತು ಅಂತ ಸುಮ್ನೆ ಖೋಟಾ ಅನ್ನಬೇಡ.

ಹನುಮಂತ, ರಾಮದರ್ಬಾರ್ ಚಿತ್ರ ಇದ್ದು, ಹಿಂದೆ ಈಸ್ಟ್ ಇಂಡಿಯಾ ಕಂಪನಿ 1818 ಅಂತ ಬರೆದದ್ದಕ್ಕೆ ಒಂದು ರೂಪಾಯಿಯೂ ಕೊಡಬೇಡ. ಕಂಪನಿ ಅಂಥ ನಾಣ್ಯ ಹೊಡೆಸಿಯೇ ಇಲ್ಲ.

ದಪ್ಪ ತಾಮ್ರದ ಬಹಮನಿ ನಾಣ್ಯ ತೋರಿಸಿ "ಹೊಲ ಉಳುವಾಗ ಸಿಕ್ಕಿದ್ದು" ಅಂದರೆ ಅಲ್ಲಿಂದ ಎದ್ದು ಬಾ. ಮಾತು ನಿಜವೇ ಆಗಿದ್ದರೆ ಅದು ನಿಧಿ, ಜಿಲ್ಲಾಧಿಕಾರಿಗೆ ತಿಳಿಸಬೇಕಾದ್ದು. ಕೊಂಡವರೂ ಸಿಕ್ಕಿಹಾಕ್ಕೊಳ್ತಾರೆ.

ತಂದದ್ದನ್ನು ಹುಣಸೆಹಣ್ಣು, ಪೀತಾಂಬರಿ ಹಾಕಿ ಉಜ್ಜಬೇಡ ಮಾರಾಯಾ, ಕೈ ಮುಗೀತೀನಿ. ತಾಮ್ರದ ಮೇಲಿನ ಆ ಕಂದು ಬಣ್ಣ ಕೂರೋಕೆ ವರ್ಷಾನುಗಟ್ಟಲೆ ಬೇಕು. ಹೋಯ್ತು ಅಂದರೆ ತಿಳಿದವರು ಯಾರೂ ಮುಟ್ಟಲ್ಲ. ಮಣ್ಣು ಜಾಸ್ತಿ ಇದ್ದರೆ ಕಾಯಿಸಿ ಆರಿಸಿದ ನೀರಿನಲ್ಲಿ ನೆನೆಹಾಕಿ, ಹತ್ತಿ ಬಟ್ಟೆ ಮೇಲೆ ಒತ್ತಿ ಒಣಗಿಸು, ಸಾಕು. ಮೆತ್ತನೆ ಪಿವಿಸಿ ಕವರಿನಲ್ಲೂ ಇಡಬೇಡ, ಹಸಿರು ಜಿಡ್ಡು ಹಿಡಿಯುತ್ತೆ.

ಅಂಗಡಿಯವರಿಗೆ ಹೀಗೆ ಕೇಳಿ ನೋಡು: "ಇಡೀ ಗಂಟು ಬೇಡ, ಆರಿಸಿ ತಗೊಳ್ತೀನಿ, ಒಂದಕ್ಕೆ ಇಪ್ಪತ್ತು ಕೊಡ್ತೀನಿ." ಒಪ್ಪಿದರೆ ಉರ್ದು ಇರೋ ತಾಮ್ರದ್ದನ್ನೇ ಮೊದಲು ತೆಗಿ, ಬೇರೆ ಬೇರೆ ವರ್ಷದ್ದು. ಎರಡೂ ಬದಿ ಫೋಟೋ ತೆಗೆದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಇಲ್ಲಿ ಹಾಕು. ವರ್ಷ ನೀನೇ ಓದಿ ಬರಿ, ತಪ್ಪಿದ್ದರೆ ನಾನು ತಿದ್ದುತ್ತೀನಿ.