ಸೆಳೆಯುವುದು ಸಿಗರೇಟೋ, ಆ ದಿನಗಳೋ?

ಓದುಗರೊಬ್ಬರು ಬರೆದಿದ್ದಾರೆ: “ಸಿಗರೇಟು ಬಿಟ್ಟು ಎಂಟು ತಿಂಗಳಾಯಿತು. ಮೊದಲ ವಾರಗಳ ಕಾಟವನ್ನು ಹೇಗೋ ದಾಟಿದೆ. ಆದರೆ ಈಗಲೂ ಮಳೆ ಬಂದರೆ, ಹಳೆಯ ಗೆಳೆಯರು ಫೋನ್ ಮಾಡಿದರೆ, ಹಾಸ್ಟೆಲ್ಲಿನ ಮಹಡಿಯಲ್ಲಿ ಕುಳಿತು ಸೇದುತ್ತಿದ್ದ ದಿನಗಳು ನೆನಪಾಗಿ ಮನಸ್ಸು ಹಂಬಲಿಸುತ್ತದೆ. ಆ ದಿನಗಳ ನೆನಪಿಗೆಂದು ಒಂದೇ ಒಂದು ಸೇದಿದರೆ ತಪ್ಪೇ? ಅಥವಾ ನಾನಿನ್ನೂ ನಿಜವಾಗಿ ಬಿಟ್ಟೇ ಇಲ್ಲವೇ?”

ನಿಜವಾಗಿಯೇ ಬಿಟ್ಟಿದ್ದೀರಿ. ಆ ಅನುಮಾನವನ್ನು ಮೊದಲು ಮನಸ್ಸಿನಿಂದ ತೆಗೆದುಹಾಕಿ. ಸಿಡುಕು, ಚಡಪಡಿಕೆ, ನಿದ್ದೆಗೇಡು ಮೊದಲ ವಾರ ಜೋರಾಗಿದ್ದು, ಸಾಮಾನ್ಯವಾಗಿ 2ರಿಂದ 4 ವಾರಗಳಲ್ಲಿ ತಗ್ಗುತ್ತವೆ. ನಿಮ್ಮ ದೇಹ ಆ ಘಟ್ಟವನ್ನು ಎಂದೋ ದಾಟಿದೆ. ಈಗ ನಿಮ್ಮನ್ನು ಎಳೆಯುತ್ತಿರುವುದು ಮಿದುಳು ಕಲಿತಿಟ್ಟುಕೊಂಡ ಪಾಠ. ಹೊಗೆ ಎಳೆದ 10ರಿಂದ 20 ಸೆಕೆಂಡುಗಳಲ್ಲಿ ತಂಬಾಕಿನಲ್ಲಿರುವ ನಿಕೋಟಿನ್ ಮಿದುಳನ್ನು ಮುಟ್ಟಿ, ಹಿತವೆನಿಸುವ ಡೋಪಮೈನ್ ಎಂಬ ರಾಸಾಯನಿಕವನ್ನು ಹೊಮ್ಮಿಸುತ್ತದೆ. ಆ ಹೊತ್ತಿಗೆ ಸುತ್ತ ಇದ್ದ ಮಳೆ, ಮಹಡಿ, ಗೆಳೆಯರ ದನಿ ಎಲ್ಲವೂ ಅದರೊಂದಿಗೆ ಗಂಟು ಬಿದ್ದಿವೆ. ವರ್ಷಗಟ್ಟಲೆ ಬಿಗಿದ ಗಂಟು ಎಂಟು ತಿಂಗಳಲ್ಲಿ ಸಡಿಲವಾಗುತ್ತದೆ, ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ.

ಇನ್ನು ನೆನಪಿನ ವಿಷಯ. ಕಹಿ ಅನುಭವಗಳ ನೋವು ಸಿಹಿ ಅನುಭವಗಳ ಸುಖಕ್ಕಿಂತ ಬೇಗ ಮಾಸುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞರು ಗುರುತಿಸಿದ್ದಾರೆ. ಹಾಗಾಗಿ ಮಹಡಿಯ ಆ ಸಂಜೆಗಳು ಸೋಸಿದ ರೂಪದಲ್ಲಿ ನಿಮ್ಮೆದುರು ಬರುತ್ತಿವೆ. ಬೆಳಗಿನ ಕೆಮ್ಮು, ಪ್ಯಾಕೆಟ್ ಖಾಲಿಯಾದ ರಾತ್ರಿಯ ಪರದಾಟ, ಬೆರಳಿಗೆ ಅಂಟಿದ ವಾಸನೆ, ಮನೆಯವರಿಂದ ಮುಚ್ಚಿಟ್ಟ ಸುಳ್ಳುಗಳು ಅವುಗಳಲ್ಲಿ ಎಲ್ಲಿವೆ? ಅಂದಿನ ನೆಮ್ಮದಿಯನ್ನೂ ತುಸು ಪರೀಕ್ಷಿಸಿ ನೋಡಿ. ರಕ್ತದಲ್ಲಿನ ನಿಕೋಟಿನ್ ಸುಮಾರು 2 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಇಳಿದಾಗ ಹುಟ್ಟುವ ಕಿರಿಕಿರಿಯನ್ನು ಮುಂದಿನ ಸಿಗರೇಟು ಶಮನ ಮಾಡುತ್ತದೆ. ನೀವು ನೆಮ್ಮದಿ ಎಂದು ನೆನೆಯುತ್ತಿರುವುದರಲ್ಲಿ ಬಹುಪಾಲು ಸಿಗರೇಟೇ ತಂದಿಟ್ಟ ಕಿರಿಕಿರಿಯ ಬಿಡುಗಡೆ.

ಗೆಳೆತನ ಮಾತ್ರ ಅಪ್ಪಟ ನಿಜ. ಆ ವಯಸ್ಸು, ನಾಳೆಯ ಚಿಂತೆಯಿಲ್ಲದೆ ಆಡಿದ ಮಾತು, ಇವು ಹಂಬಲಿಸಲು ಯೋಗ್ಯವಾದವು. ದಯವಿಟ್ಟು ಅವುಗಳ ಕೀರ್ತಿಯನ್ನು ಸಿಗರೇಟಿಗೆ ಕೊಡಬೇಡಿ. ನೆನಪು ಉಕ್ಕಿದಾಗ ಅದನ್ನು ಅದುಮುವ ಬದಲು ಆ ಗೆಳೆಯನಿಗೇ ಫೋನ್ ಮಾಡಿ, ಹಳೆಯದನ್ನೆಲ್ಲ ಮನಸಾರೆ ಮಾತನಾಡಿ. ನಿಮಗೆ ಬೇಕಾಗಿರುವುದು ಬಹುಶಃ ಅದೇ.

ಒಂದೇ ಒಂದು? ಬೇಡ, ಖಂಡಿತ ಬೇಡ. ಅದು ಆ ಮಹಡಿಯನ್ನು ಮರಳಿಸುವುದಿಲ್ಲ, ಸಡಿಲವಾದ ಗಂಟನ್ನು ಮತ್ತೆ ಬಿಗಿಯುತ್ತದೆ. ಬಿಟ್ಟವರು ಮರಳಿ ಚಟಕ್ಕೆ ಬೀಳುವುದು ಹೆಚ್ಚಾಗಿ ಹೀಗೆ ವಿನಾಯಿತಿ ಕೊಟ್ಟುಕೊಂಡ ಒಂದರಿಂದಲೇ. (ಈಗಾಗಲೇ ಒಂದು ಸೇದಿಬಿಟ್ಟ ಬೇರೆ ಓದುಗರು ಇದನ್ನು ಓದುತ್ತಿದ್ದರೆ ಎದೆಗುಂದಬೇಡಿ. ಎರಡನೆಯದನ್ನು ಹಚ್ಚದೆ ಅಲ್ಲಿಗೇ ನಿಲ್ಲಿಸಿ, ಬಿಟ್ಟಿದ್ದು ವ್ಯರ್ಥವಾಗಿಲ್ಲ.)

ಸೆಳೆತ ಉಕ್ಕಿದಾಗ ಕೆಲವು ನಿಮಿಷ ತಡೆದುಕೊಳ್ಳಿ. ಕುಳಿತಲ್ಲಿಂದ ಎದ್ದು ನಡೆಯಿರಿ, ನೀರು ಕುಡಿಯಿರಿ, ತಾನಾಗಿ ಇಳಿಯುತ್ತದೆ. ದಿನವೂ ಕಾಡುತ್ತಿದ್ದರೆ ವೈದ್ಯರನ್ನು ಕಾಣಿ. ಚಟ ಬಿಡಿಸಲು ಔಷಧಿಯೂ ಆಪ್ತಸಲಹೆಯೂ ಇವೆ, ಕೇಳುವುದಕ್ಕೆ ಸಂಕೋಚ ಬೇಡ. ಗೆಳೆಯರೆಲ್ಲ ಸೇರುವ ದಿನ ಬಂದರೆ ಮೊದಲೇ ಹೇಳಿಬಿಡಿ: “ನಾನು ಬಿಟ್ಟಿದ್ದೇನೆ, ತಮಾಷೆಗೂ ಕೈಗೆ ಕೊಡಬೇಡಿ.” ಅಂದು ಮದ್ಯವನ್ನೂ ದೂರವಿಡಿ. ಕುಡಿದಾಗ ಸಂಕಲ್ಪ ಸಡಿಲವಾಗುತ್ತದೆ, ಹಳೆಯ ಚಪಲ ಹೆಡೆ ಎತ್ತುತ್ತದೆ. ಅವರು ಸೇದಲು ಹೊರಗೆ ಹೋದಾಗ ನೀವು ಒಳಗಿರುವವರ ಜೊತೆ ಮಾತು ಮುಂದುವರಿಸಿ.