ಹಳೇ ರೂಟರ್ ಆಕ್ಸೆಸ್ ಪಾಯಿಂಟ್ ಆಗಬೇಕೆಂದರೆ

ಎರಡನೇ ರೂಟರ್ ಬಗ್ಗೆ ಪ್ರಶ್ನೆ ಬರುವುದು ನಿಂತೇ ಇಲ್ಲ. ಕೆಟ್ಟ ಸಲಹೆ ಕೇಳಿ ದುಡ್ಡು ಕಳೆದುಕೊಂಡವರೇ ಜಾಸ್ತಿ ಬರೆಯುತ್ತಾರೆ. ಹಾಗಾಗಿ ಈ ಸಲ ಅದಕ್ಕೇ ಹೆಚ್ಚು ಜಾಗ. ಆಕ್ಸೆಸ್ ಪಾಯಿಂಟ್ ಎಂದರೆ ಮುಖ್ಯ ಪೆಟ್ಟಿಗೆಯಿಂದ ಕೇಬಲ್‌ನಲ್ಲಿ ಬಂದ ನೆಟ್ಟನ್ನು ವೈಫೈ ಆಗಿ ಹರಡುವ ಪೆಟ್ಟಿಗೆ, ಅಷ್ಟೇ. ರೂಟರ್‌ನ ಸೆಟ್ಟಿಂಗ್ ಪುಟ ತೆರೆಯಲು ನಿಮಗೆ ಬರುತ್ತದೆ ಅಂದುಕೊಂಡೇ ಬರೆಯುತ್ತೇನೆ.

ಪ್ರಶ್ನೆ: ಕೆಳಗಿನ ಹಾಲ್‌ನಲ್ಲಿ ಫೈಬರ್ ಬಾಕ್ಸ್ ಇದೆ. ಮಹಡಿಗೆ ಸಿಗ್ನಲ್ ಬರುವುದಿಲ್ಲ. ಮನೆಯಲ್ಲಿದ್ದ ಹಳೇ ರೂಟರನ್ನು ಕೇಬಲ್ ಎಳೆಸಿ ಮೇಲೆ ಹಾಕಿದೆ. ಮೊದಲು ಚೆನ್ನಾಗಿತ್ತು. ಈಗ ವೈಫೈ ಇದೆ, ಇಂಟರ್ನೆಟ್ ಇಲ್ಲ ಎಂದು ಫೋನ್ ತೋರಿಸುತ್ತದೆ. ಒಮ್ಮೊಮ್ಮೆ ಕೆಳಗಿನ ಟಿವಿಗೂ ನೆಟ್ ಹೋಗುತ್ತದೆ. ರೂಟರ್ ಹಾಳಾಗಿದೆ, ಹೊಸದು ತಗೊಳ್ಳಿ ಎಂದು ಅಂಗಡಿಯವರು ಹೇಳಿದರು.

ಉತ್ತರ: ನೀವು ಹೇಳಿದ್ದು ಹಾಳಾದ ರೂಟರ್‌ನ ಲಕ್ಷಣವಲ್ಲ. ಹೊಸದು ತಂದು ಹೀಗೇ ಸಿಕ್ಕಿಸಿದರೆ ಅದೂ ಇದನ್ನೇ ಮಾಡುತ್ತದೆ. ಪೆಟ್ಟಿಗೆ ಬಿಚ್ಚಿಯೂ ನೋಡದೆ ಹೊಸದು ಮಾರುವವರ ಮಾತು ಕೇಳಬೇಡಿ.

ಈಗ ನಿಮ್ಮ ಮನೆಯಲ್ಲಿ ಐಪಿ ವಿಳಾಸ, ಅಂದರೆ ಫೋನ್, ಟಿವಿ ಪ್ರತಿಯೊಂದಕ್ಕೂ ನೆಟ್‌ವರ್ಕ್‌ನಲ್ಲಿ ಬೇಕಾದ ನಂಬರ್, ಹಂಚುವವರು ಇಬ್ಬರಿದ್ದಾರೆ: ಫೈಬರ್ ಬಾಕ್ಸ್ ಮತ್ತು ಹಳೇ ರೂಟರ್. ಈ ಕೆಲಸಕ್ಕೆ ಡಿಎಚ್‌ಸಿಪಿ ಎನ್ನುತ್ತಾರೆ. ಫೋನ್ ಕೇಳಿದಾಗ ಯಾರು ಮೊದಲು ಉತ್ತರ ಕೊಡುತ್ತಾರೋ ಅವರ ವಿಳಾಸ ಅದಕ್ಕೆ ಸಿಗುತ್ತದೆ. ಹಳೇ ರೂಟರ್ ಮೊದಲು ಉತ್ತರಿಸಿದರೆ, ಹೊರಗೆ ಹೋಗಲು ನನ್ನ ಕಡೆ ಬಾ ಎಂದು ಫೋನಿಗೆ ಹೇಳುತ್ತದೆ. ಅದರ ಹತ್ತಿರ ಇಂಟರ್ನೆಟ್ಟೇ ಇಲ್ಲ! ಫೈಬರ್ ಬಾಕ್ಸ್ ಕೊಟ್ಟ ವಿಳಾಸ ಫೋನಿನಲ್ಲಿ ಇರುವವರೆಗೆ ಎಲ್ಲ ಸರಿ ಇರುತ್ತದೆ, ಹೊಸದಾಗಿ ವಿಳಾಸ ಕೇಳಿದಾಗ ಕೈಕೊಡಬಹುದು. ಮೊದಲು ಚೆನ್ನಾಗಿದ್ದದ್ದು ಅದಕ್ಕೇ. ಜೊತೆಗೆ ಎರಡೂ ಪೆಟ್ಟಿಗೆಯ ವಿಳಾಸ 192.168.1.1 ಆಗಿದ್ದರೆ, ಒಂದೇ ಬೀದಿಯ ಎರಡು ಮನೆಗೆ ಒಂದೇ ಡೋರ್ ನಂಬರ್ ಕೊಟ್ಟ ಹಾಗೆ. ಟಿವಿಗೂ ನೆಟ್ ಹೋಗುವುದು ಈ ಗೊಂದಲದಿಂದ.

ಕೇಬಲ್ ಬಿಚ್ಚಿ ಹಳೇ ರೂಟರನ್ನು ಬೇರೆ ಇಡಿ. ಅದರ ರೀಸೆಟ್ ಬಟನ್ ಅನ್ನು ಹತ್ತು ಸೆಕೆಂಡ್ ಒತ್ತಿ. ಹಳೇ ರೂಟರ್‌ನದ್ದು ಮಾತ್ರ. ಫೈಬರ್ ಬಾಕ್ಸ್‌ನ ರೀಸೆಟ್ ಬಟನ್ ಮುಟ್ಟಲೇಬೇಡಿ. ಅದರಲ್ಲಿರುವ ಕಂಪನಿಯ ಲಾಗಿನ್ ವಿವರ ಅಳಿಸಿಹೋದರೆ ಕಸ್ಟಮರ್ ಕೇರ್‌ಗೆ ಫೋನ್ ಮಾಡುತ್ತಾ ಕೂರಬೇಕಾಗುತ್ತದೆ.

ಈಗ ಲ್ಯಾಪ್‌ಟಾಪನ್ನು ಕೇಬಲ್‌ನಲ್ಲಿ ಹಳೇ ರೂಟರ್‌ಗೆ ಜೋಡಿಸಿ. ಸೆಟ್ಟಿಂಗ್‌ನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಇದ್ದರೆ ಅದನ್ನೇ ಆರಿಸಿ, ಅರ್ಧ ಕೆಲಸ ಮುಗಿಯಿತು. ಇಲ್ಲದಿದ್ದರೆ ಮೊದಲು ವೈಫೈ ಹೆಸರು, ಪಾಸ್‌ವರ್ಡ್ ಹಾಕಿ. ಅಡ್ಮಿನ್ ಪಾಸ್‌ವರ್ಡನ್ನೂ ಬದಲಾಯಿಸಿ. ಆಮೇಲೆ ಅದರ ಲ್ಯಾನ್ ವಿಳಾಸವನ್ನು (ಮನೆಯೊಳಗಿನ ನೆಟ್‌ವರ್ಕ್‌ನಲ್ಲಿ ಅದರ ವಿಳಾಸ) 192.168.1.2 ಮಾಡಿ. ಫೈಬರ್ ಬಾಕ್ಸ್ 192.168.1.1 ಅಲ್ಲದೆ ಬೇರೆ ಸಾಲಿನಲ್ಲಿದ್ದರೆ ಆ ಸಾಲಿನದೇ ವಿಳಾಸ ಬೇಕು; ಅದು 192.168.0.1 ಆದರೆ ಇದು 192.168.0.2. ಹೊಸ ವಿಳಾಸದಲ್ಲಿ ಮತ್ತೆ ಲಾಗಿನ್ ಆಗಿ, ಕೊನೆಯಲ್ಲಿ ಡಿಎಚ್‌ಸಿಪಿ ಆಫ್ ಮಾಡಿ. ಅದನ್ನೇ ಮೊದಲು ಆಫ್ ಮಾಡಿದರೆ ಲ್ಯಾಪ್‌ಟಾಪ್‌ಗೆ ವಿಳಾಸ ಸಿಗದೆ ಸೆಟ್ಟಿಂಗ್ ಪುಟವೇ ತೆರೆಯದಿರಬಹುದು. ಬಹಳ ಜನ ಎಡವುವುದು ಇಲ್ಲೇ.

ಫೈಬರ್ ಬಾಕ್ಸ್ ಯಾವ ವಿಳಾಸಗಳನ್ನು ಹಂಚುತ್ತಿದೆ ಅಂತಲೂ ನೋಡಿ. ವಿಳಾಸದ ಕೊನೆಯ ಸಂಖ್ಯೆ 2ರಿಂದ 254ರವರೆಗೆ ಎಂದಿದ್ದರೆ ಆರಂಭವನ್ನು 100ಕ್ಕೆ ಏರಿಸಿ. ಇಲ್ಲದಿದ್ದರೆ ಒಂದು ದಿನ ಯಾವುದೋ ಫೋನಿಗೆ ಅದೇ 192.168.1.2 ಹೋಗಿ ಜಗಳ ಮತ್ತೆ ಶುರು.

ಈಗ ಕೇಬಲ್. ಫೈಬರ್ ಬಾಕ್ಸ್‌ನ ಲ್ಯಾನ್ ಪೋರ್ಟ್‌ನಿಂದ ಹಳೇ ರೂಟರ್‌ನ ಲ್ಯಾನ್ ಪೋರ್ಟ್‌ಗೆ. ಹೊರಗಿನ ಇಂಟರ್ನೆಟ್ ಬರಲೆಂದು ಇರುವ ಬೇರೆ ಬಣ್ಣದ ವ್ಯಾನ್ ಪೋರ್ಟ್ ಖಾಲಿ ಇರಲಿ, ಮೇಲೊಂದು ಟೇಪ್ ಅಂಟಿಸಿ. ಆಕ್ಸೆಸ್ ಪಾಯಿಂಟ್ ಮೋಡ್ ಇರುವ ರೂಟರ್‌ಗಳಲ್ಲಿ ಸಾಮಾನ್ಯವಾಗಿ ವ್ಯಾನ್ ಪೋರ್ಟನ್ನೂ ಬಳಸಬಹುದು. ಕೊನೆಗೆ ಮಹಡಿಯಲ್ಲಿ ಫೋನ್ ಜೋಡಿಸಿ ವೈಫೈ ವಿವರ ತೆರೆಯಿರಿ. ಗೇಟ್‌ವೇ (ಹೊರಗೆ ಹೋಗುವ ದಾರಿ) ಫೈಬರ್ ಬಾಕ್ಸ್‌ನ ವಿಳಾಸ, ಇಲ್ಲಿ 192.168.1.1, ಎಂದಿದ್ದರೆ ಸರಿಯಾಗಿದೆ.

ಇಷ್ಟಾದ ಮೇಲೂ ವೇಗ 95 ಎಂಬಿಪಿಎಸ್ ಹತ್ತಿರ ನಿಂತುಬಿಟ್ಟರೆ ಪೋರ್ಟ್ ನೋಡಿ. ಹಳೇ ರೂಟರ್‌ಗಳ ಪೋರ್ಟ್ ಬಹಳಷ್ಟು 100 ಎಂಬಿಪಿಎಸ್‌ನದು. ಪೋರ್ಟ್ ಗಿಗಾಬಿಟ್ (1000 ಎಂಬಿಪಿಎಸ್) ಆಗಿದ್ದರೆ ಕೇಬಲ್ ತಂತಿ ಎಣಿಸಿ. ಎಂಟು ತಂತಿಯಲ್ಲಿ ನಾಲ್ಕನ್ನೇ ಜೋಡಿಸಿ ಹೋಗುವ ಕೆಲಸಗಾರರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಗಿಗಾಬಿಟ್‌ಗೆ ಎಂಟೂ ಬೇಕು. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ಅಗ್ಗದ ಕೇಬಲ್ ಬೇಡ, ಪೂರ್ತಿ ತಾಮ್ರದ್ದೇ ಕೇಳಿ ತಗೊಳ್ಳಿ.

ಪ್ರಶ್ನೆ: ಎರಡಕ್ಕೂ ಒಂದೇ ವೈಫೈ ಹೆಸರು ಇಡಬಹುದೇ?

ಉತ್ತರ: ಇಡಿ. ಪಾಸ್‌ವರ್ಡ್, ಭದ್ರತೆಯ ಬಗೆ ಕೂಡ ಒಂದೇ ಇರಲಿ. ಚಾನೆಲ್ ಮಾತ್ರ ಬೇರೆ: 2.4 ಗಿಗಾಹರ್ಟ್ಸ್‌ನಲ್ಲಿ 1, 6, 11 ಈ ಮೂರರಲ್ಲೇ ಆರಿಸಿ.

ಪ್ರಶ್ನೆ: ಕೇಬಲ್ ಎಳೆಯುವ ಬದಲು ರಿಪೀಟರ್ ಸಾಕಲ್ವಾ?

ಉತ್ತರ: ಸಾಲದು. ಒಂದೇ ರೇಡಿಯೋದಲ್ಲಿ ಕೇಳಿ, ಅದರಲ್ಲೇ ಮತ್ತೆ ಕಳಿಸುವ ರಿಪೀಟರ್‌ನಲ್ಲಿ ವೇಗ ಅರ್ಧಕ್ಕೆ ಇಳಿಯುತ್ತದೆ.

ಪ್ರಶ್ನೆ: ಸಿಗ್ನಲ್ ಹೆಚ್ಚಿಸುವ ಸ್ಟಿಕ್ಕರ್ ಕೆಲಸ ಮಾಡುತ್ತದಾ?

ಉತ್ತರ: ಇಲ್ಲ. ಶುದ್ಧ ಮೋಸ.

ಪ್ರಶ್ನೆ: ಮೇಲಿನ ಬಾಡಿಗೆಯವರಿಗೆ ಇದೇ ಹಳೇ ರೂಟರ್‌ನ ಗೆಸ್ಟ್ ವೈಫೈ ಕೊಡಬಹುದೇ?

ಉತ್ತರ: ಬೇಡ. ಆಕ್ಸೆಸ್ ಪಾಯಿಂಟ್ ಆದ ಮೇಲೆ ಎಷ್ಟೋ ರೂಟರ್‌ಗಳಲ್ಲಿ ಗೆಸ್ಟ್ ವೈಫೈ ಹೆಸರಿಗೆ ಮಾತ್ರ ಬೇರೆ. ಅವರಿಗೆ ನಿಮ್ಮ ಕ್ಯಾಮೆರಾ, ಪ್ರಿಂಟರ್ ಎಲ್ಲ ಕಾಣಬಹುದು. ಅವರು ತಮ್ಮದೇ ಕನೆಕ್ಷನ್ ತಗೊಳ್ಳಲಿ.

ಪ್ರಶ್ನೆ: ನಮ್ಮದು ಮಲೆನಾಡು. ಮನೆಯಿಂದ ಅಡಿಕೆ ಶೆಡ್‌ಗೆ ಅಂಗಳದ ಮೇಲೆ ಕೇಬಲ್ ಎಳೆದು ಅಲ್ಲೊಂದು ಹಳೇ ರೂಟರ್ ಇಡಬಹುದೇ? 80 ಮೀಟರ್ ದೂರ.

ಉತ್ತರ: ದೂರದ ತೊಂದರೆ ಇಲ್ಲ, 100 ಮೀಟರ್‌ವರೆಗೆ ನಡೆಯುತ್ತದೆ. ಆದರೆ ಬಯಲಿನಲ್ಲಿ ಎರಡು ಕಟ್ಟಡದ ನಡುವೆ ತಾಮ್ರದ ತಂತಿ ಎಳೆಯಿರಿ ಎಂದು ನಾನಂತೂ ಹೇಳುವುದಿಲ್ಲ. ಹತ್ತಿರದಲ್ಲಿ ಸಿಡಿಲು ಬಡಿದರೂ ಸಾಕು, ಆ ತಂತಿಯಲ್ಲೇ ವಿದ್ಯುತ್ ಹರಿದು ಎರಡೂ ಕಡೆಯ ಪೆಟ್ಟಿಗೆ ಸುಡಬಹುದು. ಲೋಹದ ತಂತಿ ಇಲ್ಲದ ಫೈಬರ್ ಕೇಬಲ್ ಎಳೆಸಿ, ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರ್‌ಗೂ ಸಾಮಾನ್ಯ ಕೇಬಲ್‌ಗೂ ನಡುವಿನ ಸಣ್ಣ ಪೆಟ್ಟಿಗೆ) ಹಾಕಿಸಿ. ಹಳೇ ರೂಟರ್ ಅದರ ಹಿಂದೆ ಮೇಲೆ ಹೇಳಿದ ಹಾಗೇ ಕೂರುತ್ತದೆ.